ಅವ್ವನಿಗೆ ಉಪ್ಪು ಆಗಲ್ಲ

ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವನ ಹೆಸರು ಹೊಂಬಾಳಮ್ಮ, ಮಗ ಸಣ್ಣೀರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲಿಕ್ಕಿಲ್ಲ.

ಅವ್ವನಿಗೆ ಬೀಪಿ. "ನಾನ್ ಸತ್ರೆ ಇವನಿಗೆ ಉಣ್ಣಕ್ಕಿಕ್ಕೋರ್ಯಾರು, ಪದ್ಮಕ್ಕ?" ಅಂತ ಆಶಾ ಕಾರ್ಯಕರ್ತೆಯ ಮುಂದೆ ಅತ್ತಳು. ಅಂಗನವಾಡಿಯಲ್ಲಿ ಊರ ಹೆಂಗಸರನ್ನು ಕೂರಿಸಿಕೊಂಡು ಬೀಪಿ ಪಾಠ ಹೇಳುತ್ತಿದ್ದವಳು ಈ ಪದ್ಮಕ್ಕ.

"ಸಣ್ಣೀರ, ದಿನಾ ಊಟ ಆದ್ಮೇಲೆ ಈ ಮಾತ್ರೆ ನುಂಗ್ಬೇಕು, ತಪ್ಪಿಸ್ಬ್ಯಾಡ" ಅಂದಳು.

ಸಣ್ಣೀರ ಉಂಡ, ಮಾತ್ರೆ ನುಂಗಿದ, ತಲೆ ಸುತ್ತಿ ಹೊಸಿಲ ಮೇಲೆ ಬಿದ್ದ.

"ಲೋ ಪೆದ್ದೇ, ಮಾತ್ರೆ ನಿಂಗಲ್ಲ, ಅವ್ವಂಗೆ. ಹೋಗ್ಲಿ, ಮನೇಲಿ ಉಪ್ಪು ಕಮ್ಮಿ ಮಾಡು."

ಸಣ್ಣೀರ ಗಡಿಗೆಯ ಉಪ್ಪನ್ನು ಅರ್ಧ ತಿಪ್ಪೆಗೆ ಸುರಿದ. ಸಾರಿಗೆ ಎಂದಿನಂತೆ ಹಿಡಿ ತುಂಬ ಬಿತ್ತು.

"ಗಡಿಗೇಲಲ್ಲ ಕಣೋ. ಅವ್ವನ ಹತ್ರ ಉಪ್ಪು ಸುಳೀಬಾರ್ದು. ಯಾರ್ ಹಾಕಿದ್ರೂ ತೆಗೆದುಬಿಡು."

ಇದೊಂದು ಅವನ ತಲೆಗೆ ಹತ್ತಿತು. ಅವ್ವ ಆಸೆ ತಡೆಯಲಾರದೆ ಮುದ್ದೆಯಡಿ ಉಪ್ಪಿನಕಾಯಿ ಹೋಳು ಬಚ್ಚಿಟ್ಟರೆ ಹುಡುಕಿ ತೆಗೆದ. ಬಾಯಿಗೆ ಹಾಕಿಕೊಂಡದ್ದನ್ನೂ ಬೆರಳಿಟ್ಟು ತೆಗೆದ. ಅವ್ವ ಅವನ ತಲೆ ನೇವರಿಸಿ, "ಒಂದಾದ್ರೂ ಕಲ್ತೆಯಲ್ಲ ನನ್ನಪ್ಪ" ಅಂದಳು. ಹುಟ್ಟಿದಾಗಿನಿಂದ ಅವನು ಕೇಳಿದ ಹೊಗಳಿಕೆ ಅದೊಂದೇ.

ಮಾತ್ರೆಯ ಜೊತೆಗೆ ಇದೂ ಒಳ್ಳೆಯದು ಅಂತ ಪದ್ಮಕ್ಕ ಅವ್ವನಿಗೆ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡುವುದು ಕಲಿಸಿದಳು. ಸಣ್ಣೀರ ಪಕ್ಕದಲ್ಲೇ ಕೂತು ಉಸಿರುಸಿರಿಗೂ, "ಎಳ್ಕೊಂಡ್ಯಾ ಅವ್ವ? ಬಿಟ್ಯಾ ಅವ್ವ?" ಅಂತ ಕೇಳಿದ.

"ಅವ್ವ ಕಣ್ಮುಚ್ಚಿ ಕೂತಾಗ ಮಾತಾಡಿಸ್ಬ್ಯಾಡ ಕಣೋ" ಅಂತ ಅದಕ್ಕೂ ಪದ್ಮಕ್ಕನ ಕೈಲಿ ಬೈಸಿಕೊಂಡ.

ಮಾತಾಡಿಸಲಿಲ್ಲ. ಒಂದು ಬೆಳಿಗ್ಗೆ ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಬಾಯಿ ಸೊಟ್ಟಗಾಯಿತು, ಕೈ ಜಾರಿತು. ಸಣ್ಣೀರ ನೊಣ ಓಡಿಸುತ್ತ ಸುಮ್ಮನೆ ಕೂತ. ಬಾಗಿಲಿಗೆ ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಸಂಜೆ ಪದ್ಮಕ್ಕ ಬಂದು ಮುಟ್ಟಿ ನೋಡಿದರೆ ಅವ್ವ ತಣ್ಣಗಾಗಿದ್ದಳು.

ಈ ಸಲ ಪದ್ಮಕ್ಕ ಬೈಯಲಿಲ್ಲ. "ನನ್ನ ಕರೀಬೇಕಿತ್ತು ಕಣೋ" ಅಂತ ಅತ್ತಳು. ಯಾರನ್ನು ಬೈಯಬೇಕೋ ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ.

ಮಾರನೆಯ ದಿನ ಗುಂಡಿ ತೋಡಿ ಅವ್ವನನ್ನು ಇಳಿಸಿದರು. ಹೂಳುವಾಗ ಹೆಣದ ಮೇಲೆ ಉಪ್ಪು ಹಾಕುವುದು ನಮ್ಮ ಕಡೆ ವಾಡಿಕೆ. ಊರಿನವರು ಒಬ್ಬೊಬ್ಬರಾಗಿ ಹಿಡಿ ಹಿಡಿ ಸುರಿದರು.

ಸಣ್ಣೀರ ಗುಂಡಿಗೆ ಧುಮುಕಿದ.

"ಉಪ್ಪು ಆಗಲ್ಲ ಕಣ್ರಪ್ಪ ನಮ್ಮವ್ವಂಗೆ" ಅನ್ನುತ್ತ ಎದೆಯ ಮೇಲಿಂದ, ಕೆನ್ನೆಯ ಮೇಲಿಂದ ಬಾಚಿ ಬಾಚಿ ಹೊರಗೆ ಚೆಲ್ಲಿದ. ತುಟಿಗೆ ಅಂಟಿದ್ದ ಹರಳೊಂದನ್ನು ಬೆರಳಿಟ್ಟು ತೆಗೆದ. ಆಮೇಲೆ ತಲೆಯನ್ನು ಅವಳ ಕೈಯ ಹತ್ತಿರ ಬಗ್ಗಿಸಿಕೊಂಡು ಕಾದ.