ದಿಬ್ಬದ ಮೇಲಿನ ವ್ಯಾನು

ಟೈಲರ್ ಜಯಶೀಲಳ ಹಳೇ ವ್ಯಾನಿಗೆ ಒಂದು ಹಟ. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಇಳಿಜಾರಿನಲ್ಲಿ ಬಿಟ್ಟರೆ ಮಾತ್ರ ಉರುಳುತ್ತಾ ಸ್ಟಾರ್ಟ್ ಆಗುತ್ತಿತ್ತು. ಅವಳಿಗೂ ಅಷ್ಟೇ ಹಟ, ಅದನ್ನೇ ಓಡಿಸಿ ತೀರುವುದು ಅಂತ. ಹಾಗಾಗಿ ದಿನಾ ಸಂಜೆ ಬೀದಿಯ ದಿಬ್ಬದ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು.

ಆ ದಿಬ್ಬದ ಮೇಲೆ ನಿವೃತ್ತ ತಹಸೀಲ್ದಾರ್ ವೀರಭದ್ರಯ್ಯನವರ ಮನೆ. ಒಂದು ದಿನ ಅವರು ಗೇಟು ತೆಗೆದು ಬಂದರು.

“ಏನಮ್ಮಾ, ನನ್ನ ಮನೆ ಎದುರಿಗೆ ಈ ಡಬ್ಬಾ ನಿಲ್ಲಕೂಡದು. ಇವತ್ತಿಂದ ಕೆಳಗೆ ನಿಲ್ಲಿಸು. ಇದು ನನ್ನ ಆರ್ಡರ್!”

“ಆಗಲಿ ಸಾರ್. ನೀವು ಹೇಳಿದ ಮೇಲೆ ಎರಡು ಮಾತಿಲ್ಲ,” ಎಂದಳು ಜಯಶೀಲ.

ಮರುದಿನ ಬೆಳಿಗ್ಗೆ ಆರಕ್ಕೆ ಅವಳೂ ಅವಳ ಗಂಡನೂ ಕೆಳಗೆ ನಿಲ್ಲಿಸಿದ್ದ ವ್ಯಾನನ್ನು, ಉರುಳಿಸಿ ಸ್ಟಾರ್ಟ್ ಮಾಡಲೆಂದು, ಹಿಮ್ಮುಖವಾಗಿ ದಿಬ್ಬ ಹತ್ತಿಸತೊಡಗಿದರು. ಒಳಗೆ ಸ್ಟಿಯರಿಂಗ್ ಹಿಡಿದು ಕೂತ ಅತ್ತೆ “ಐಸಾ!” ಎಂದು ಕೂಗಿದ್ದಕ್ಕೆ ಬೀದಿಯೇ ಎದ್ದು ಕೂತಿತು. ಅರ್ಧ ದಿಬ್ಬದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಜಯಶೀಲ ಮೇಲೆ ಓಡಿ ತಹಸೀಲ್ದಾರರ ಬೆಲ್ ಒತ್ತಿದಳು.

“ಸಾರ್, ನಿಮ್ಮ ಆರ್ಡರ್ ಪಾಲಿಸಿದೀವಿ. ತಳ್ಳೋಕೆ ಒಬ್ಬರು ಕಮ್ಮಿ ಬಿದ್ದಿದ್ದಾರೆ. ಒಂದು ಕೈ ಹಾಕಿ.”

ಎಲ್ಲ ಬಾಗಿಲಲ್ಲೂ ಜನ ನಿಂತಿದ್ದರು. ಇಲ್ಲ ಎನ್ನುವುದು ಹೇಗೆ? ವೀರಭದ್ರಯ್ಯ ಪಂಚೆ ಎತ್ತಿ ಕಟ್ಟಿ ತಳ್ಳಿದರು.

ಮರುದಿನವೂ ಆರಕ್ಕೇ ಬೆಲ್ಲು. ಅದರ ಮರುದಿನವೂ.

“ಭಾನುವಾರ ಕೂಡಾನಾ?” ಎಂದು ಅವರು ಸೊಂಟ ಹಿಡಿದುಕೊಂಡು ಕೇಳಿದರು.

“ಆರ್ಡರ್‌ನಲ್ಲಿ ಭಾನುವಾರ ರಜಾ ಅಂತ ಇರಲಿಲ್ವಲ್ಲ ಸಾರ್.”

ಆ ಸಂಜೆಯೇ ಅವರ ಗೇಟಿಗೆ ಹೊಸ ಬೋರ್ಡು ಬಂತು: “ಇಲ್ಲಿ ಜಯಶೀಲಮ್ಮನವರ ವ್ಯಾನು ಮಾತ್ರ ನಿಲ್ಲಿಸತಕ್ಕದ್ದು. ಇದು ಆರ್ಡರ್.”

ಬೋರ್ಡಿನ ಕೆಳಗೆ, ಚಕ್ರಕ್ಕೆ ಕೊಡಲೆಂದು ಒಂದು ದಪ್ಪ ಕಲ್ಲನ್ನೂ ಅವರೇ ತಂದಿಟ್ಟಿದ್ದರು.