ಪಾಳುಪಟ್ಟಣದ ತೊಟ್ಟಿ

"ಗುರುಗಳೇ, ನನ್ನನ್ನು ಸಾಕಿದ ಸೋದರತ್ತೆ ತೀರಿಕೊಂಡರು. ಅವರಿದ್ದಾಗ ನಾನು ಒಂದು ಒಳ್ಳೆಯ ಮಾತೂ ಆಡಲಿಲ್ಲ. ಈಗ ನನ್ನ ಕೃತಜ್ಞತೆಯನ್ನು ಯಾರಿಗೆ ಸಲ್ಲಿಸಲಿ?" ಎಂದು ಶಿಷ್ಯ ಜನಾರ್ದನ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ನಮ್ಮ ಕರಾವಳಿಯ ಒಬ್ಬ ವರ್ತಕ ಕಾಳುಮೆಣಸು ಮಾರಲು ತಮ್ಮನೊಂದಿಗೆ ಭೂಮಧ್ಯ ಸಮುದ್ರದ ತೀರಕ್ಕೆ ಹೋದ. ಅಲ್ಲೊಂದು ಪುರಾತನ ಪಟ್ಟಣ ಪಾಳುಬಿದ್ದಿತ್ತು. ಇಷ್ಟು ದೂರ ಬಂದು ಅದನ್ನು ನೋಡದೆ ಹೋಗುವುದುಂಟೇ ಎಂದು ಇಬ್ಬರೂ ಹೊರಟರು. ಅರಮನೆಗೆ ಚಾವಣಿ ಇರಲಿಲ್ಲ, ಗುಡಿಯಲ್ಲಿ ದೇವರಿರಲಿಲ್ಲ. ಇವರು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದರು. ತಂದ ನೀರು ಮುಗಿದದ್ದು ಗೊತ್ತಾಗಲಿಲ್ಲ. ಸುಡುವ ಬಿಸಿಲಿಗೆ ತಮ್ಮ ಬವಳಿ ಬಂದು ಬಿದ್ದ. ಕರೆದರೆ ಕಣ್ಣು ತೆರೆಯಲಿಲ್ಲ. ವರ್ತಕನ ಜೀವ ಬಾಯಿಗೆ ಬಂತು.

ಅಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಅವನ ಕೂಗು ಕೇಳಿ ಬಂದಳು. ಪಕ್ಕದ ಮುರುಕು ಮನೆಯ ಕಲ್ಲುಹಾಸಿನ ಅಂಗಳದಲ್ಲಿ ಒಂದು ಚಪ್ಪಡಿ ಸರಿಸಿದಳು. ಕೆಳಗೆ ತೊಟ್ಟಿಯಿತ್ತು. ಅಂಗಳಕ್ಕೆ ಬಿದ್ದ ಮಳೆಯೆಲ್ಲ ಅದಕ್ಕೆ ಇಳಿಯುವಂತೆ ಆ ಕಾಲದವರು ಕಟ್ಟಿದ್ದರು. ಸೇದಿ ಕುಡಿಸಿದ ನೀರು ಒಳಗಿಳಿದ ಮೇಲೆ ತಮ್ಮ ಮೆಲ್ಲಗೆ ಕಣ್ಣು ಬಿಟ್ಟು "ಅಣ್ಣಾ" ಎಂದ.

ವರ್ತಕ ಅತ್ತೇಬಿಟ್ಟ. ಇದನ್ನು ಕಟ್ಟಿದ ಪುಣ್ಯಾತ್ಮರಿಗೆ ತರ್ಪಣ ಕೊಡದಿದ್ದರೆ ತಾನು ಮನುಷ್ಯನೇ ಅಲ್ಲ ಎನಿಸಿತು. ನಮ್ಮವರನ್ನು ಕೇಳಬೇಕೇ! ಬೊಗಸೆ ತುಂಬ ನೀರು ತೆಗೆದುಕೊಂಡು ದಕ್ಷಿಣಕ್ಕೆ ತಿರುಗಿ ನೆಲಕ್ಕೆ ಬಿಡತೊಡಗಿದ. ಹೆಂಗಸು ಓಡಿಬಂದು ಕೈ ಹಿಡಿದಳು.

"ಏನಪ್ಪಾ, ಕುಡಿಯುವ ನೀರು ಚೆಲ್ಲುತ್ತೀಯಾ?"

"ಚೆಲ್ಲುತ್ತಿಲ್ಲ ತಾಯಿ. ಈ ತೊಟ್ಟಿ ಕಟ್ಟಿದವರಿಗೆ ಕೊಡುತ್ತಿದ್ದೇನೆ. ಅವರಿಂದ ನನ್ನ ತಮ್ಮ ಉಳಿದ."

"ಅವರಿಗೆಲ್ಲಿಯ ಬಾಯಾರಿಕೆ? ಇನ್ನು ಬರುವವರಿಗೆ ಇರುತ್ತದೆ. ಇಲ್ಲಿ ಕುಡಿದವರು ಅಂಗಳ ಗುಡಿಸಿ ಹೋಗುವುದು ಪದ್ಧತಿ. ಇಲ್ಲದಿದ್ದರೆ ಮಳೆ ಬಂದಾಗ ಕುರಿಹಿಕ್ಕೆಯೆಲ್ಲ ತೊಟ್ಟಿಗೆ ಹೋಗುತ್ತದೆ" ಎಂದು ಅವಳು ಪೊರಕೆ ಕೊಟ್ಟಳು.

ಮನೆಯಲ್ಲಿ ಕಡ್ಡಿ ಎತ್ತಿಡದ ಆ ವರ್ತಕ ಪಂಚೆ ಎತ್ತಿಕಟ್ಟಿ ಮೂಲೆ ಮೂಲೆಯನ್ನೂ ಗುಡಿಸಿದ. ಗುಡಿಸುತ್ತಾ ಅವನ ಮನಸ್ಸು ತುಂಬಿ ಬಂತು.

ಕತೆ ಮುಗಿಯಿತು. ಜನಾರ್ದನನಿಗೆ ಸಮಾಧಾನವಾಗಲಿಲ್ಲ.

"ಗುಡಿಸಿದ್ದು ಮುಂದೆ ಬರುವವರಿಗಾಯಿತು. ಕೊಟ್ಟು ಹೋದವರಿಗೆ ಏನು ಸಂದಿತು, ಗುರುಗಳೇ?"

"ನಿನ್ನ ಸೋದರತ್ತೆಯನ್ನೂ ಯಾರೋ ಸಾಕಿದ್ದರಲ್ಲ ಮಗು, ಆಕೆ ನಿನ್ನನ್ನು ಸಾಕಿ ಆ ಋಣ ತೀರಿಸಿದಳು; ಅವರಿಗೆ ಸಂದದ್ದು ನೀನು."