ಹನ್ನೊಂದು ಮೆಟ್ಟಿಲು, ಒಂದು ಮಂಡಿ

ಹೊಳೆಯ ದಡದ ಮಠದಲ್ಲಿ ಶಿವಮಲ್ಲು ಎಂಬ ಶಿಷ್ಯನಿದ್ದ. ತುಂಬಿದ ಬಿಂದಿಗೆ ಹೊತ್ತು ಗಕ್ಕನೆ ತಿರುಗಿದಾಗ ಅವನ ಬಲ ಮಂಡಿಯೊಳಗೆ ಏನೋ ಹರಿಯಿತು.

ಮೊದಲು ವಿಭೂತಿ ಹಚ್ಚಿದರು. ಆಮೇಲೆ ಎಣ್ಣೆ ಹಚ್ಚಿದರು. ಎರಡಕ್ಕೂ ಮಂಡಿ ಜಗ್ಗಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಎರಡು ಸಣ್ಣ ತೂತು ಮಾಡಿ, ಎಲುಬುಗಳ ನಡುವಿನ ಹರಿದ ಮೆತ್ತೆಗೆ ಹೊಲಿಗೆ ಹಾಕಿದರು. ಹೊರಗಿನ ಗಾಯ ಹತ್ತೇ ದಿನದಲ್ಲಿ ಒಣಗಿತು. ವಾಸಿಯಾಯಿತು ಎಂದುಕೊಂಡ ಶಿವಮಲ್ಲು.

"ವಾಸಿಯಾಗಿರೋದು ಚರ್ಮ," ಎಂದಳು ಫಿಸಿಯೋಥೆರಪಿಯ ಜೆಸಿಂತಾ. "ಮಂಡಿ ಇನ್ನೂ ಶುರುವೇ ಮಾಡಿಲ್ಲ."

ಅವಳು ಕಲಿಸಿದ್ದರಲ್ಲಿ ಗುಟ್ಟೇನೂ ಇರಲಿಲ್ಲ. ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು ಒತ್ತು, ಹತ್ತು ಎಣಿಸು, ಬಿಡು. ಕಾಲನ್ನು ನೇರವಾಗಿ ಎತ್ತು. ಐಸ್ ಇಡು. ನಾಲ್ಕನೇ ವಾರದಿಂದ ಕೋಲು ಹಿಡಿದು ಮೆಟ್ಟಿಲು ಹತ್ತು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಐದನೇ ವಾರ ಮಂಡಿ ತೆಂಗಿನಕಾಯಿಯಷ್ಟು ಊದಿತು.

ಜೆಸಿಂತಾ ಮಠಕ್ಕೇ ಬಂದು ಒತ್ತಿ ನೋಡಿದಳು. ಗುರುಗಳು ಪಕ್ಕದ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದರು.

"ಏನು ಮಾಡಿಕೊಂಡ್ರಿ?"

"ನೀವು ಹೇಳಿದ್ದೇ, ಮೇಡಂ. ಒಂದೂ ಬಿಟ್ಟಿಲ್ಲ."

"ಟವೆಲ್?"

"ಮೂರು ಹೊತ್ತೂ."

"ನಿಮ್ಮ ಮಂಡಿ ಬೇರೆ ಏನೋ ಹೇಳ್ತಿದೆ. ಇನ್ನೊಂದು ಸಲ ಹರಿದರೆ ಹೊಲಿಯೋಕೆ ಬಟ್ಟೆಯೇ ಉಳಿಯಲ್ಲ. ಆಮೇಲೆ ಜೀವನಪೂರ್ತಿ ಕುಂಟೋದೇ."

ಶಿವಮಲ್ಲುವಿಗೆ ಇಪ್ಪತ್ತೊಂಬತ್ತು ವರ್ಷ.

ಗುರುಗಳು ಸಿಪ್ಪೆ ಕೊಡವಿ ಎದ್ದರು. "ಮಲ್ಲು, ಗದ್ದಿಗೆಗೆ ಒಂದು ಹೂ ಇಟ್ಟು ಬಾ."

ಗದ್ದಿಗೆಗೆ ಹನ್ನೊಂದು ಮೆಟ್ಟಿಲು. ಒಂದೊಂದು ಕಲ್ಲಿಗೂ ಹಿಂದಿನ ಒಬ್ಬೊಬ್ಬ ಗುರುವಿನ ಹೆಸರು. ಅದಕ್ಕೇ ಪ್ರತಿ ಕಲ್ಲಿನ ಮೇಲೂ ಬಲಗಾಲೇ ಮೊದಲು ಬೀಳಬೇಕು, ಎಡಗಾಲು ಹಿಂದಿನಿಂದ ಬಂದು ಸೇರಬೇಕು. ಎಡಗಾಲು ಮೊದಲಿಟ್ಟರೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಇಟ್ಟು ನೋಡಿರಲಿಲ್ಲ.

ಶಿವಮಲ್ಲು ಬಲಗಾಲಿಟ್ಟು ಹತ್ತಿದ. ಹನ್ನೊಂದು ಸಲ ತುಟಿ ಕಚ್ಚಿದ.

"ಹೊಳೆ ಮೆಟ್ಟಿಲೂ ಹೀಗೇ ಹತ್ತುತ್ತೀಯ?" ಕೇಳಿದರು ಗುರುಗಳು.

"ಇಲ್ಲ ಬುದ್ಧಿ. ಅಲ್ಲಿ ಮೇಡಂ ಹೇಳಿದಂಗೆ. ಎಡಗಾಲು ಮೊದಲು."

"ಮತ್ತೆ ಇಲ್ಲಿ?"

"ಇದು ಗದ್ದಿಗೆ, ಬುದ್ಧಿ."

"ದಿನಕ್ಕೆ ಎಷ್ಟು ಸಲ ಹತ್ತುತ್ತೀಯ?"

"ಮೂರು ಪೂಜೆಗೆ ಮೂರು ಸಲ."

ಜೆಸಿಂತಾ ಐಸ್ ಚೀಲವನ್ನು ಕೆಳಗಿಟ್ಟಳು. "ವರ್ಷಕ್ಕೆ ಇನ್ನೂರು ಮಂಡಿ ನೋಡ್ತೀನಿ. ಇಂಥ ಕಾರಣ ಕೇಳಿರಲಿಲ್ಲ."

"ನಾಳೆಯಿಂದ ಇಲ್ಲೂ ಎಡಗಾಲಿಡು," ಎಂದರು ಗುರುಗಳು.

"ಕಾಲು ಹೋದರೂ ಸರಿ, ಅದೊಂದು ಆಗಲ್ಲ ಬುದ್ಧಿ. ಜನ ಏನಂತಾರೆ?"

"ಇಷ್ಟು ದಿನ ನೀನು ಹತ್ತಿದ್ದು ಗದ್ದಿಗೆಗೋ, ಜನಕ್ಕೋ?"

ಶಿವಮಲ್ಲು ಐಸ್ ಚೀಲ ಎತ್ತಿಕೊಂಡು ಮಂಡಿಗೆ ಒತ್ತಿಕೊಂಡ. ಗುರುಗಳು ಮತ್ತೆ ಕಡಲೆಕಾಯಿ ಸುಲಿಯಲು ಕೂತರು.

ಮರುದಿನ ಸೋಮವಾರ. ಅಂಗಳದಲ್ಲಿ ಇನ್ನೂರು ಜನ. ಗುರುಗಳು ಎಂದಿನಂತೆ ಬಂದು ಮೊದಲ ಮೆಟ್ಟಿಲ ಎದುರು ನಿಂತರು.

ಎಡಗಾಲಿಟ್ಟರು.

ನಗಾರಿ ನಿಂತಿತು. ಬಡಿಯುವವನ ಕೋಲು ಎತ್ತಿದ ಕಡೆಯೇ ಉಳಿಯಿತು.

ಮಠದ ಪಾರುಪತ್ತೇಗಾರ ಪುಟ್ಟಬುದ್ದಪ್ಪ ಓಡಿ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದ. "ಬುದ್ಧಿ, ಕಾಲು ತಪ್ಪಿತು."

"ತಪ್ಪಿಲ್ಲ."

ಎರಡನೇ ಕಲ್ಲಿಗೂ ಎಡಗಾಲು. ಮೂರನೆಯದಕ್ಕೂ.

ಒಬ್ಬಳ ಕೈಯ ಕರ್ಪೂರ ಬೆರಳಿನ ತನಕ ಉರಿದು ಬಂದರೂ ಅವಳಿಗೆ ಗೊತ್ತಾಗಲಿಲ್ಲ. ಒಂದು ಮುದುಕಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದಳು. ಪುಟ್ಟಬುದ್ದಪ್ಪ ನಿಂತಲ್ಲೇ ಕುಸಿದು ಕೂತ. ಇನ್ನೂರು ಜನ ಕಾದರು. ಸಿಡಿಲು ಬರಲಿಲ್ಲ. ಮಾಡಿನ ಮೇಲಿದ್ದ ಕಾಗೆ ಕೂಡ ಹಾರಲಿಲ್ಲ.

ಹನ್ನೊಂದನೇ ಕಲ್ಲಿನ ಮೇಲೆ ನಿಂತು ಗುರುಗಳು ತಿರುಗಿದರು.

"ಮಲ್ಲು, ಬಾ."

ಇನ್ನೂರು ತಲೆಗಳು ಅವನತ್ತ ಹೊರಳಿದವು. ಶಿವಮಲ್ಲು ಕೋಲೂರಿಕೊಂಡು ಮೊದಲ ಮೆಟ್ಟಿಲ ಎದುರು ಬಂದ. ಎಡಗಾಲನ್ನು ಎತ್ತಿ, ಗಾಳಿಯಲ್ಲೇ ಹಿಡಿದು ನಿಂತ.

"ಬೀಳ್ತೀಯ," ಎಂದರು ಗುರುಗಳು. "ಇಡು."

ಇಟ್ಟ. ಬಲಗಾಲು ಹಿಂದಿನಿಂದ ಬಂದು ಸೇರಿತು. ಹನ್ನೊಂದೂ ಹತ್ತಿದ. ತುಟಿ ಕಚ್ಚಲಿಲ್ಲ. ಮೇಲೆ ತಲುಪಿದ ಮೇಲೆ ಅದು ಅವನಿಗೆ ಹೊಳೆಯಿತು.

ಕೆಳಗೆ ಯಾರೂ ಅಲುಗಲಿಲ್ಲ. ಯಾರೂ ಹತ್ತಿ ಬರಲಿಲ್ಲ.

ಶಿವಮಲ್ಲು ದನಿ ತಗ್ಗಿಸಿ ಕೇಳಿದ. "ಬುದ್ಧಿ, ಇದು ನನ್ನ ಮಂಡಿ ವಾಸಿಯಾಗೋವರೆಗೆ ಮಾತ್ರ ತಾನೇ?"

ಗುರುಗಳು ಅಂಗಳದ ಕಡೆ ನೋಡಿದರು.

"ನಿನ್ನದಕ್ಕೆ ಇನ್ನು ಆರು ವಾರ ಸಾಕು. ಅವರ ಮಂಡಿಗೆ ಎಷ್ಟು ಬೇಕು ಅಂತ ಆ ಹುಡುಗಿ ಜೆಸಿಂತಾಳನ್ನೇ ಕೇಳಬೇಕು."